ಮೊಸಳೆಯ ಕೈ ಮುಟ್ಟಿದ ವರ್ಷ

"ಅಜ್ಜೀ, ಇವತ್ತು ಮಳೆ ಬರುತ್ತಾ?"

ಕಾರಿನ ಹಿಂದಿನ ಸೀಟಿನಿಂದ ಟೆಸ್ಸಾ ಕೇಳಿದಳು. ಡೊರೀನ್ ಕಿಟಕಿಯಾಚೆ ನೋಡುತ್ತ, "ಒಂದು ಹನಿಯೂ ಇಲ್ಲ ಕಣೇ" ಎಂದಳು.

ಕಾರು ಓಡಿಸುತ್ತಿದ್ದ ಮಗ ಕರ್ಟಿಸ್ ನಕ್ಕ. "ಅಜ್ಜಿ ಹೇಳಿದ್ಮೇಲೆ ಮುಗೀತು ಬಿಡು. ಟೀವಿಯವರು ತಪ್ಪಬಹುದು, ನಮ್ಮಮ್ಮ ತಪ್ಪಲ್ಲ."

ಡೊರೀನ್ ತೊಡೆಯ ಮೇಲಿದ್ದ ಚೀಲವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

ಕರ್ಟಿಸ್ ಹೇಳಿದ್ದು ಸುಳ್ಳಲ್ಲ. ಕಿಸ್ಸಿಮ್ಮಿ ಊರಿನ ಹೆದ್ದಾರಿ ಬದಿಯ ಆಟಿಕೆ, ಟೋಪಿ, ಉಡುಗೊರೆ ಸಾಮಾನಿನ ಅಂಗಡಿಯಲ್ಲಿ ಅವಳು ಅರ್ಧ ಆಯುಷ್ಯ ಕಳೆದವಳು. ಜುಲೈ ತಿಂಗಳಲ್ಲಿ ಅಲ್ಲಿನ ಆಕಾಶದ ದಿನಚರಿ ಅವಳಿಗೆ ತನ್ನ ಅಡುಗೆಮನೆಯಷ್ಟೇ ಗೊತ್ತು. ಬೆಳಿಗ್ಗೆ ತಿಕ್ಕಿದ ಹಿತ್ತಾಳೆಯ ಹಾಗೆ ಹೊಳೆಯುವ ಬಿಸಿಲು. ಊಟದ ಹೊತ್ತಿಗೆ ಪೂರ್ವ, ಪಶ್ಚಿಮದ ಎರಡೂ ಕಡಲಿನ ಗಾಳಿ ಒಳನಾಡಿಗೆ ನುಗ್ಗಿ ಡಿಕ್ಕಿ ಹೊಡೆಯುತ್ತದೆ. ಮೂರು ಗಂಟೆಯ ಆಸುಪಾಸಿಗೆ ಗುಡುಗು, ಸಿಡಿಲು, ಬಕೆಟ್ಟು ಮಗುಚಿದಂಥ ಮಳೆ. ಪಕ್ಕದ ಅಂಗಡಿಯವರು ಇನ್ನೂ ತೂಕಡಿಸುತ್ತಿರುವಾಗಲೇ ಡೊರೀನ್ ಪ್ಲಾಸ್ಟಿಕ್ ಮಳೆಕೋಟುಗಳ ಸ್ಟ್ಯಾಂಡನ್ನು ಬಾಗಿಲಿಗೆ ತಳ್ಳಿ ನಿಲ್ಲಿಸುವಳು. ಸುಡುಬಿಸಿಲಲ್ಲಿ ಅದನ್ನು ನೋಡಿ ನಕ್ಕವರೇ ಆಮೇಲೆ ತೊಪ್ಪೆಯಾಗಿ ಓಡಿ ಬಂದು ಕೊಳ್ಳುವರು. ಹೆದ್ದಾರಿಯುದ್ದಕ್ಕೂ ಅವಳ ಹೆಸರೇ ಮಳೆಕೋಟಿನ ಡೊರೀನ್ ಅಂತ.

ಅಂಥವಳು ಮೊಮ್ಮಗಳಿಗೆ ಹನಿಯೂ ಇಲ್ಲ ಅಂದುಬಿಟ್ಟಳು.

ಇದಕ್ಕೆಲ್ಲ ಕಾರಣ ಒಂದು ಮರದ ಮೊಸಳೆ. ಅವರು ಈಗ ಹೊರಟಿದ್ದ ಆಟದ ಪಾರ್ಕಿನಲ್ಲಿ 'ಮೊಸಳೆ ಬಾಲ' ಅಂತ ಒಂದು ರೋಲರ್ ಕೋಸ್ಟರ್ ಇದೆ. ಅದರ ಬಾಗಿಲಲ್ಲಿ ಆ ಮೊಸಳೆ ಒಂದು ಕೈ ಚಾಚಿ ನಿಂತಿರುತ್ತದೆ. ಕೈ ಕೆಳಗೆ ನಿಂತ ಮಗುವಿನ ತಲೆ ಅದಕ್ಕೆ ತಾಗಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಎರಡು ವರ್ಷದ ಹಿಂದೆ ಟೆಸ್ಸಾ ತುದಿಗಾಲಲ್ಲಿ ನಿಂತರೂ ತಾಗದೆ ಅಲ್ಲೇ ನೆಲದ ಮೇಲೆ ಕೂತು ಅತ್ತಿದ್ದಳು. ಅವಳನ್ನು ಎಬ್ಬಿಸುವುದಕ್ಕಾಗಿ ಡೊರೀನ್, "ನಿನ್ನ ತಲೆ ಮೊಸಳೆ ಕೈಗೆ ತಾಗಿದ ವರ್ಷ ನಾನೇ ನಿನ್ನ ಪಕ್ಕ ಕೂತ್ಕೋತೀನಿ, ಏಳು ಪುಟ್ಟೀ" ಅಂದಿದ್ದಳು. ಮಕ್ಕಳಿಗೆ ಚಂದ್ರನನ್ನು ತಂದುಕೊಡುತ್ತೇನೆ ಅನ್ನುವ ಹಾಗೆ ಆಡಿದ ಮಾತು. ಎರಡು ವರ್ಷದಲ್ಲಿ ಯಾರಿಗೆ ನೆನಪಿರುತ್ತದೆ ಅಂದುಕೊಂಡಿದ್ದಳು.

ಹುಡುಗಿಗೆ ನೆನಪಿತ್ತು. ಒಹಾಯೊದ ಮನೆಯಲ್ಲಿ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಗೆರೆ ಮೇಲಕ್ಕೆ ಹೋದಾಗೆಲ್ಲ ಫೋಟೊ ತೆಗೆದು ಅಜ್ಜಿಗೆ ಕಳಿಸುತ್ತಿದ್ದಳು. ಎಂದೂ ಮುಟ್ಟದಿದ್ದ ಹಾಲನ್ನು ಮೂಗು ಮುಚ್ಚಿಕೊಂಡು ಕುಡಿದಳು. ಡೊರೀನ್ ಪ್ರತಿ ಫೋಟೊಗೂ ಭೇಷ್ ಅನ್ನುತ್ತ, ಆ ರಾತ್ರಿ ನಿದ್ದೆಗೆಡುತ್ತಿದ್ದಳು. ಏಕೆಂದರೆ ಡೊರೀನ್‌ಗೆ ಎತ್ತರ ಅಂದರೆ ಜೀವಭಯ. ಅಂಗಡಿಯಲ್ಲಿ ಮೇಲಿನ ಅಟ್ಟದ ಟೋಪಿ ತೆಗೆಯಲೂ ಬೇರೆಯವರನ್ನು ಕರೆಯುತ್ತಿದ್ದಳು. ಆದರೆ ತನ್ನಜ್ಜಿ ಬಚ್ಚಲಿಗೆ ಬಂದ ಹಾವನ್ನು ಪೊರಕೆಯಲ್ಲೇ ಎತ್ತಿ ಆಚೆ ಹಾಕಿದವಳು ಅಂತ ಮೊಮ್ಮಗಳು ತನ್ನ ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ. ಆ ಅಜ್ಜಿ, ಏಣಿ ಕಂಡರೆ ಬೆವರುತ್ತೇನೆ ಅಂತ ಯಾವ ಬಾಯಲ್ಲಿ ಹೇಳಬೇಕು?

ಗೇಟಿನ ಹತ್ತಿರ ಇಳಿಸುವಾಗ ಕರ್ಟಿಸ್ ಕೇಳಿದ. "ನಾನೂ ಬರ್ಲಾ ಅಮ್ಮಾ? ನನಗೂ ಅದರಲ್ಲಿ ಕೂರೋ ಆಸೆ."

"ಬೇಡಪ್ಪ. ಇದು ನಮ್ಮಿಬ್ಬರ ಮಾತು. ನಾಳೆ ಬೆಳಗಾಗೋಷ್ಟರಲ್ಲಿ ಹೊರಡೋರು ನೀವು, ಹೋಗಿ ಕಾರಿನ ಟೈರು ನೋಡಿಸ್ಕೋ."

ಅವನು ಬಂದರೆ ಬೆಳಿಗ್ಗೆಯೇ ಮಗುವನ್ನು ನೇರ ಮೊಸಳೆಯ ಹತ್ತಿರ ಕರೆದೊಯ್ಯುತ್ತಾನೆ ಅಂತ ಅವಳಿಗೆ ಗೊತ್ತಿತ್ತು. ಅವನು ಕಾರು ತಿರುಗಿಸಿಕೊಂಡು ಹೋದ.

ಒಳಗೆ ಹೋದವರು ಮೊದಲು ಮೊಸಳೆಯ ಕೈ ಕೆಳಗೆ ನಿಂತು ನೋಡಿದರು. ಟೆಸ್ಸಾಳ ಕೂದಲು ತಾಗಿತು. ಕೂದಲಷ್ಟೇ ಅಲ್ಲ, ತಲೆಯೇ ತಾಗಿತು. ಹುಡುಗಿ ಕುಣಿದಾಡಿದಳು. ಸಾಲಿನಲ್ಲಿ ಹತ್ತು ಹದಿನೈದು ಜನ ಕೂಡ ಇರಲಿಲ್ಲ.

"ಈಗ್ಲೇ ಹೋಗೋಣ ಅಜ್ಜಿ!"

"ಒಳ್ಳೇದನ್ನ ಕೊನೇಗೆ ಇಟ್ಕೋಬೇಕು ಕಂದ. ಮೊದಲು ಕುದುರೆ ಸುತ್ತು, ದೋಣಿ, ಊಟ. ಆಮೇಲೆ ರಾಣಿ ಥರ ಬರೋಣ."

ಟೆಸ್ಸಾ ಒಪ್ಪಿದಳು. ಅಜ್ಜಿಯ ಮಾತನ್ನು ತಳ್ಳಿಹಾಕುವ ಹುಡುಗಿಯಲ್ಲ ಅದು. ಕುದುರೆ ಸುತ್ತಿದರು, ದೋಣಿಯಲ್ಲಿ ಎರಡು ಸಲ ಕೂತರು. ಊಟಕ್ಕೆ ಟರ್ಕಿ ಕೋಳಿಯ ಒಂದು ದೊಡ್ಡ ಕಾಲನ್ನು ಇಬ್ಬರೂ ಹಂಚಿಕೊಂಡರು. ಡೊರೀನ್ ಆ ಮೂಳೆಯಲ್ಲಿ ಏನೂ ಉಳಿಯದ ಹಾಗೆ ಕಚ್ಚುತ್ತ ಕೂತಳು. ಹುಡುಗಿ ಬೆಂಚಿನ ಮೇಲೆ ಕಾಲು ಆಡಿಸುತ್ತ ಕಾದಳು. ಬಿಸಿಲು ಬಿಳಿಚಿಕೊಂಡಿತು. ಕೊಳದ ಬದಿಯ ಬೆಳ್ಳಕ್ಕಿಗಳು ಎದ್ದು ಹೋದವು. ಡೊರೀನ್ ಎದ್ದು ನಿಂತು, "ನಡಿ, ಈಗ ಹೋಗೋಣ" ಅಂದಳು.

ಸಾಲು ಈಗ ಹಾವಿನ ಹಾಗೆ ಬಳಸಿಕೊಂಡಿತ್ತು. ಅವರು ತಗಡಿನ ಮಾಡಿನ ಕೆಳಗೆ ಅರ್ಧ ದಾರಿ ಸರಿದಿರಬೇಕು, ದೂರದಲ್ಲಿ ಯಾರೋ ಅಟ್ಟದ ಮೇಲೆ ಪೆಟ್ಟಿಗೆ ಎಳೆದ ಹಾಗೆ ಗುಡುಗಿತು. ಡೊರೀನ್‌ಳ ಎದೆಯೊಳಗೆ ಏನೋ ಹಗುರಾಯಿತು. ಮರುಗಳಿಗೆ ಮೈಕಿನಲ್ಲಿ ಕೂಗಿದರು, ಸಿಡಿಲಿರುವುದರಿಂದ ಆಟ ನಿಲ್ಲಿಸಲಾಗಿದೆ. ಸಾಲಿನಿಂದ ಊಳಿಟ್ಟಂಥ ಸದ್ದು ಬಂತು. ಅಷ್ಟರಲ್ಲಿ ಮಳೆಯೂ ಬಂತು, ಎದುರಿನ ಮೊಸಳೆಯೇ ಕಾಣದ ಹಾಗೆ.

ಟೆಸ್ಸಾ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು, ಸಮಾಧಾನ ಹೇಳಬಹುದಿತ್ತು. ಹುಡುಗಿ ತುಟಿ ಕಚ್ಚಿಕೊಂಡು, ಸ್ವಲ್ಪ ಹೊತ್ತು ಮಳೆ ನೋಡಿ, ಅಜ್ಜಿಯ ಕೈ ಹಿಡಿದಳು.

"ಪಾಪ ಅಜ್ಜಿ, ನೀನೂ ಎಷ್ಟು ಕಾದಿದ್ದೆ. ನಿನ್ನ ತಪ್ಪೇನಿಲ್ಲ. ಮಳೆಗೆ ಯಾರೇನು ಮಾಡೋಕಾಗುತ್ತೆ?"

ಡೊರೀನ್ ಮುಖವನ್ನು ಮಳೆಯ ಕಡೆ ತಿರುಗಿಸಿದಳು.

"ಎರಚಲು ಬಡೀತಿದೆ, ಚಳಿ ಆಗ್ತಿದೆಯಾ? ಕರವಸ್ತ್ರ ಕೊಡು, ನಿನ್ನ ತಲೆ ಒರೆಸ್ತೀನಿ" ಅನ್ನುತ್ತ ಹುಡುಗಿ ಅಜ್ಜಿಯ ಚೀಲಕ್ಕೆ ಕೈ ಹಾಕಿದಳು. ಬೇಡ ಅನ್ನುವಷ್ಟರಲ್ಲಿ ಹೊರಗೆ ಬಂದವು: ಮಡಿಸಿದ ಎರಡು ಹೊಸ ಮಳೆಕೋಟು, ಒಂದು ದೊಡ್ಡದು, ಒಂದು ಚಿಕ್ಕದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಎರಡು ಜೊತೆ ಒಣ ಕಾಲುಚೀಲ. ಕಾಲ ಕಳೆಯಲು ಇಸ್ಪೀಟಿನ ಕಟ್ಟು.

ಹುಡುಗಿ ಅವನ್ನು ನೋಡಿದಳು. ಅಜ್ಜಿಯನ್ನು ನೋಡಿದಳು.

ಆ ಹೊತ್ತಿಗೇ ಗೇಟಿನಿಂದ ಒಬ್ಬ ಮುದುಕ ಟೋಪಿಯ ನೀರು ಕೊಡವುತ್ತ ಬಂದ. ಹೆಸರು ಕ್ಲೀವ್. ಮೊದಲು ಡೊರೀನ್‌ಳ ಅಂಗಡಿ ಪಕ್ಕದ ಪೆಟ್ರೋಲ್ ಬಂಕಿನಲ್ಲಿದ್ದವನು, ಈಗ ಈ ಕೋಸ್ಟರಿನ ಬಾಗಿಲು ಕಾದು ಗಾಡಿ ಬಿಡುತ್ತಾನೆ.

"ಏನಮ್ಮಾ ಡೊರೀನ್! ಜುಲೈ ತಿಂಗಳ ಮೂರು ಗಂಟೆಗೆ ಕೋಸ್ಟರ್ ಸಾಲಲ್ಲಿ ನೀನಾ? ಊರಿಗೆಲ್ಲ ಮಳೆಕೋಟು ಮಾರಿದೋಳಿಗೆ ಯಾವಾಗ ಮಳೆ ಬರುತ್ತೆ ಅಂತ ಮರೆತುಹೋಯ್ತಾ? ವಯಸ್ಸಾಯ್ತು ಬಿಡು!"

ಅವನು ತಮಾಷೆಗೆ ಅಂದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಡೊರೀನ್ ಸಿಡುಕಿದಳು. "ನಿನ್ನ ಕೆಲಸ ನೋಡ್ಕೋ ಹೋಗೋ!"

ಅದರಿಂದ ಉಳಿದದ್ದೂ ಹುಡುಗಿಗೆ ತಿಳಿದುಹೋಯಿತು.

"ನಿಂಗೆ ಗೊತ್ತಿತ್ತು" ಅಂದಳು ಟೆಸ್ಸಾ, ಬಹಳ ಮೆಲ್ಲಗೆ. "ಬೆಳಿಗ್ಗೆ ಕೇಳಿದಾಗಲೇ ಗೊತ್ತಿತ್ತು."

"ಹೌದು ಕಂದ."

"ಯಾಕೆ?"

"ಹೆದರಿಕೆ ಆಯ್ತು. ನಂಗೆ ಎತ್ತರ ಅಂದ್ರೆ ಆಗಲ್ಲ. ಯಾವತ್ತೂ ಆಗಿಲ್ಲ."

"ಹೇಳಬಹುದಿತ್ತಲ್ಲ. ನೀನು ಹೆದರ್ತೀಯ ಅಂದಿದ್ರೆ ನಾನೇನು ನಗ್ತಿದ್ನಾ? ಅಪ್ಪನ್ನ ಕರೀತಿದ್ದೆ. ಅಪ್ಪ ಬರ್ತೀನಿ ಅಂದ, ನೀನೇ ಬೇಡ ಅಂದೆ."

ಮಾತಿಗೆ ತಪ್ಪಿದ್ದು ಒಂದು ತಪ್ಪು. ಹುಡುಗಿಯ ಪಕ್ಕದ ಸೀಟಿನಲ್ಲಿ ತಾನೂ ಕೂರದೆ, ಕೂರಲು ಬಂದವನನ್ನೂ ಕಳಿಸಿ, ಖಾಲಿ ಇಟ್ಟದ್ದು ಅದಕ್ಕಿಂತ ದೊಡ್ಡದು. ಅದು ಅವಳಿಗೆ ಹೊಳೆದದ್ದೇ ಈಗ.

ಹುಡುಗಿ ಬೆನ್ನು ತಿರುಗಿಸಿ ಕಂಬಿಯ ಮೇಲೆ ಗಲ್ಲ ಊರಿ ನಿಂತಳು. ಚಿಕ್ಕ ಮಳೆಕೋಟು ಕೊಟ್ಟರೆ ತೆಗೆದುಕೊಳ್ಳಲಿಲ್ಲ.

ಡೊರೀನ್ ಕ್ಲೀವ್‌ನನ್ನು ಹುಡುಕಿಕೊಂಡು ಹೋದಳು. "ಮತ್ತೆ ಯಾವಾಗ ಶುರು ಮಾಡ್ತೀರಿ?"

"ಕೊನೇ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ. ನಡುವೆ ಇನ್ನೊಂದು ಕೇಳಿಸ್ತೋ, ಲೆಕ್ಕ ಮೊದಲಿಂದ. ಯಾಕೆ, ನಿನಗ್ಯಾಕೆ ಅವಸರ? ಮನೆಗೆ ಹೋಗು, ಮಂಡಿಗೆ ಎಣ್ಣೆ ಹಚ್ಕೋ."

"ಕಾಯ್ತೀನಿ."

ಜನ ಒಬ್ಬೊಬ್ಬರಾಗಿ ಮಕ್ಕಳನ್ನು ಎತ್ತಿಕೊಂಡು ಹೊರಟರು. ಡೊರೀನ್ ಮಾಡಿನ ಕೆಳಗೆ ನಿಂತು, ಜೀವಮಾನದಲ್ಲಿ ಮೊದಲ ಬಾರಿಗೆ ಮಳೆ ನಿಲ್ಲಲಿ ಅಂತ ಬೇಡಿಕೊಂಡಳು. ಬೆಳಗಿನಿಂದ ಕರೆದದ್ದಕ್ಕೆ ಸಿಟ್ಟು ಬಂದ ಹಾಗೆ ಗುಡುಗು ಬಿಟ್ಟು ಬಿಟ್ಟು ಬಂತು. ಇನ್ನೇನು ಮುಗಿಯಿತು ಅನ್ನುವಾಗ ಕೊಳದಾಚೆ ಮತ್ತೊಂದು. ಇನ್ನು ಸಾಕು ಅನ್ನುವಾಗ ಇನ್ನೊಂದು. ಪ್ರತಿ ಸಲವೂ ಟೆಸ್ಸಾಳ ಹೆಗಲು ಒಂದಿಷ್ಟು ಕುಸಿಯುವುದು ಹಿಂದಿನಿಂದ ಕಾಣುತ್ತಿತ್ತು. ಆ ಒಂದೊಂದು ಗುಡುಗನ್ನೂ ತಾನೇ ಬಾರಿಸಿದೆ ಅನ್ನಿಸಿತು ಡೊರೀನ್‌ಗೆ.

"ಹೋಗೋಣ ಅಜ್ಜಿ" ಅಂದಳು ಹುಡುಗಿ ಕೊನೆಗೆ, ತಿರುಗದೆಯೇ. "ನಿನ್ನ ಕಾಲು ನೋಯ್ತಿರುತ್ತೆ."

ಇಷ್ಟು ಸಿಟ್ಟಿನಲ್ಲೂ ಕಾಲನ್ನು ನೆನೆದಳಲ್ಲ! ಹೂಂ ಅಂದರೆ ಮುಗಿಯಿತು. ನಾಳೆ ಅವರು ಹೊರಡುತ್ತಾರೆ, ಮುಂದಿನ ವರ್ಷಕ್ಕೆ ಹುಡುಗಿ ಅಪ್ಪನ ಜೊತೆ ಕೂರುತ್ತಾಳೆ. ಬೆಳಿಗ್ಗೆಯಿಂದ ಡೊರೀನ್ ಕಾದಿದ್ದು ಈ ಮಾತಿಗೇ ಅಲ್ಲವೆ?

"ಇಲ್ಲ. ಕೂತ್ಕೋ" ಅಂದಳು.

ಮೋಡ ಹರಿದು, ಡಾಂಬರಿನಿಂದ ಹಬೆ ಏಳತೊಡಗಿತು. ಕ್ಲೀವ್ ಸೀಟುಗಳ ಮೇಲೆ ಬಟ್ಟೆ ಆಡಿಸಿ ಸರಪಳಿ ತೆಗೆದ. ಸಾಲಿನಲ್ಲಿ ಉಳಿದವರು ಬೆರಳೆಣಿಕೆಯ ಜನ.

ಟೆಸ್ಸಾ ತನ್ನ ಚೀಲವನ್ನು ಅಜ್ಜಿಯ ಕೈಗೆ ಇಟ್ಟಳು. "ನೀನು ಇದನ್ನ ಹಿಡ್ಕೊಂಡು ಇಲ್ಲೇ ನಿಂತಿರು. ನಾನು ಒಬ್ಬಳೇ ಹೋಗ್ತೀನಿ. ಈಗ ನಾನು ಎತ್ತರ ಇದೀನಿ."

"ಪುಟ್ಟೀ—"

"ಬೇಡ ಅಜ್ಜಿ."

ಹುಡುಗಿ ಹೋಗಿ ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ ಕೂತಳು. ಪಕ್ಕದ ಸೀಟು ಖಾಲಿ. ಡೊರೀನ್ ಅದನ್ನೇ ನೋಡುತ್ತ ನಿಂತಳು. ಹೋಗಿ ಕೂರಬಹುದಿತ್ತು, ಆದರೆ ಬೇಡ ಅಂದ ಮೇಲೆ ಅಲ್ಲಿ ಕೂರುವ ಹಕ್ಕು ತನಗಿಲ್ಲ ಅನ್ನಿಸಿತು. ಎರಡೂ ಚೀಲಗಳನ್ನು ಕ್ಲೀವ್‌ನ ತೋಳಿಗೆ ನೇತುಹಾಕಿ, ಗಾಡಿಯ ಕೊನೆಯ ಸಾಲಿನ ಕಡೆ ನಡೆದಳು.

"ಏಯ್, ಎಲ್ಲಿಗೆ? ಹಿಂದಿನ ಸೀಟು ಕಣೇ ಅದು, ಎಲ್ಲಕ್ಕಿಂತ ಜಾಸ್ತಿ ಎಸೆಯೋದು ಅದೇ!"

"ಬಾಯಿ ಮುಚ್ಚು ಕ್ಲೀವ್. ತೊಡೆ ಮೇಲಿನ ಈ ಕಂಬಿ ಗಟ್ಟಿಯಾಗಿ ಹಾಕು."

ಪಕ್ಕದಲ್ಲಿ ಮೈತುಂಬ ಹಚ್ಚೆ ಹಾಕಿಸಿಕೊಂಡಿದ್ದ ಒಬ್ಬ ಯುವಕ ಕೂತಿದ್ದ. ಗಾಡಿ ಕಟಕಟ ಎನ್ನುತ್ತ ಏರತೊಡಗಿದಾಗ ಡೊರೀನ್ ಅವನ ತೋಳನ್ನು ಹಿಡಿದದ್ದು ಅವಳಿಗೇ ಗೊತ್ತಾಗಲಿಲ್ಲ.

"ಮೊದಲನೇ ಸಲಾನಾ ಅಮ್ಮಾ?" ಅಂದ ಅವನು.

"ಮಾತಾಡಿಸಬೇಡಪ್ಪ."

ತುದಿಗೆ ಬಂದಾಗ ತೊಳೆದಿಟ್ಟ ಹಾಗಿದ್ದ ಊರೆಲ್ಲ ಕಾಲ ಕೆಳಗೆ ಕಂಡಿತು. ಮುಂದೆ, ಬಹಳ ಮುಂದೆ, ಒಂದು ಚಿಕ್ಕ ತಲೆ. ಆ ತಲೆ ಅಂಚಿನಾಚೆ ಮಾಯವಾಯಿತು. ಡೊರೀನ್ ಮೊಮ್ಮಗಳ ಹೆಸರು ಹಿಡಿದು ಕಿರುಚಿದಳು. ಇಳಿತದಲ್ಲಿ ಕಿರುಚಿದಳು, ತಿರುವಿನಲ್ಲಿ ಕಿರುಚಿದಳು, ಗಾಡಿ ನಿಂತ ಮೇಲೂ ಒಂದು ಸಲ ಕಿರುಚಿದಳು.

ಟೆಸ್ಸಾ ಇಳಿಜಾರಿನ ಕೊನೆಯಲ್ಲಿ ನಿಂತು ಹಿಂತಿರುಗಿ ನೋಡುತ್ತಿದ್ದಳು. ಹಚ್ಚೆಯ ಯುವಕನ ಆಸರೆಯಲ್ಲಿ ಅಜ್ಜಿ ಬರುತ್ತಿದ್ದಳು. ಕೂದಲು ಪೊರಕೆಯಂತೆ ಎದ್ದಿತ್ತು, ಲಂಗದ ಹಿಂಭಾಗ ನೆನೆದು ಅಂಟಿತ್ತು.

"ನನ್ನ ಹೆಸರು ಕೂಗಿದ್ದು ನೀನಾ?"

ಡೊರೀನ್ ತಲೆಯಾಡಿಸಿದಳು.

"ಬರೋದಾದ್ರೆ ಹಿಂದೆ ಯಾಕೆ ಕೂತೆ?"

"ಪಕ್ಕದ ಜಾಗ ನಾನೇ ಕಳ್ಕೊಂಡಿದ್ದೆನಲ್ಲ."

ಹುಡುಗಿ ಕ್ಲೀವ್‌ನ ತೋಳಿನಿಂದ ಅಜ್ಜಿಯ ಚೀಲ ಬಿಡಿಸಿಕೊಂಡು, ಅವಳನ್ನು ಬೆಂಚಿನ ಮೇಲೆ ಕೂರಿಸಿ, ಒಣ ಕಾಲುಚೀಲ ತೆಗೆದು ತೊಡೆಯ ಮೇಲೆ ಹಾಕಿದಳು. ಅವುಗಳನ್ನು ನೋಡಿ ಡೊರೀನ್‌ಗೆ ಮತ್ತೆ ನಾಚಿಕೆಯಾಯಿತು.

"ಅಪ್ಪ ಕೇಳ್ತಾನೆ ಹೇಗಿತ್ತು ಅಂತ" ಅಂದಳು ಟೆಸ್ಸಾ. "ಪಕ್ಕದಲ್ಲಿ ಯಾರೂ ಇರಲಿಲ್ಲ ಅಂತ ಹೇಳ್ಬೇಕಾಗುತ್ತೆ."

"ಹೇಳು. ಮಳೆ ವಿಷಯ ನಾನೇ ಹೇಳ್ತೀನಿ."

ಟೆಸ್ಸಾ ಯೋಚಿಸುತ್ತ ಮೊಸಳೆಯ ಕಡೆ ನೋಡಿದಳು. ಸಾಲಿನಲ್ಲಿ ಯಾರೂ ಇರಲಿಲ್ಲ.

"ಅಥವಾ ಇನ್ನೊಂದು ಸಲ ಹೋಗಬಹುದು. ಮುಂದಿನ ಸೀಟಲ್ಲಿ."

ಡೊರೀನ್ ಹಳೆಯ ಅಭ್ಯಾಸದಿಂದ ಕತ್ತೆತ್ತಿ ಆಕಾಶ ನೋಡಿದಳು. ಪಶ್ಚಿಮದವರೆಗೂ ಹತ್ತಿಯೆಳೆಯಷ್ಟು ಮೋಡವಿರಲಿಲ್ಲ. ಇವತ್ತಿಗೆ ಇನ್ನು ಮಳೆ ಇಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಮಳೆ ಬರುತ್ತಾ ಅಜ್ಜಿ?" ಹುಡುಗಿ ಅವಳ ಮುಖವನ್ನೇ ನೋಡುತ್ತ ಕೇಳಿದಳು.

"ಇಲ್ಲ" ಅಂದಳು ಡೊರೀನ್. ಕಾಲುಚೀಲವನ್ನು ಚೀಲಕ್ಕೆ ವಾಪಸು ಹಾಕಿ, ಚೀಲವನ್ನು ಕ್ಲೀವ್‌ನ ಕಡೆ ಚಾಚಿದಳು. "ಹನಿಯೂ ಇಲ್ಲ. ನಡಿ."