ಬಾವಿಗೆ ಹೋಗದ ಬಾಟಲಿ

ಮಾಗಿಯ ಮಂಜು ಮುಳಾ ನದಿಯ ಮೇಲಿಂದ ಇನ್ನೂ ಎದ್ದಿರಲಿಲ್ಲ. ಹೊಸ ಸೇತುವೆಯ ಕೆಲಸ ಆಗಲೇ ಶುರುವಾಗಿತ್ತು. ಹೆಂಗಸರು ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ಜಲ್ಲಿ ಒಡೆಯುತ್ತಿದ್ದರು. ಸುತ್ತಿಗೆಯ ಸದ್ದು ಕೇಳುತ್ತಿತ್ತು, ಒಡೆಯುವವರು ಕಾಣುತ್ತಿರಲಿಲ್ಲ. ಯಾದಗಿರಿ, ಶೋರಾಪುರ ಕಡೆಯಿಂದ ಪುಣೆಗೆ ಬಂದ ಕೂಲಿಯವರು ಹೊಳೆಯ ದಂಡೆಗೇ ತಗಡಿನ ಜೋಪಡಿ ಹಾಕಿಕೊಂಡಿದ್ದರು.

ಸೇತುವೆಗೆ ಕಂಬ ನಿಲ್ಲಿಸಬೇಕಾದರೆ ಮೊದಲು ಹೊಳೆಯಲ್ಲಿ ಬಾವಿ ಇಳಿಸಬೇಕು. ದೊಡ್ಡ ಬಳೆಯ ಹಾಗೆ ಕಾಂಕ್ರೀಟಿನ ಗೋಡೆ ಕಟ್ಟಿ ಒಳಗಿನ ಮರಳು ತೆಗೆಯುತ್ತ ಹೋದರೆ, ಅದು ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ. ಉಳಿದ ಬಾವಿಗಳು ನೆಟ್ಟಗೆ ಇಳಿದವು. ನಡುವಿನದೊಂದು ವಾಲಿ ನಿಂತಿತು. ಗದ್ದಲವಿಲ್ಲದ ಹೊತ್ತಿನಲ್ಲಿ ಅದರೊಳಗಿಂದ ಯಾರೋ ನರಳಿದ ಹಾಗೆ ಸದ್ದು ಬರುತ್ತಿತ್ತು. ಮರಳಿನ ಸಂದಿಯಲ್ಲಿ ನೀರು ನುಗ್ಗುವ ಸದ್ದು ಅಂತ ಇಂಜಿನಿಯರು ಹೇಳಿದರು. ನೀರು ಬಾಣಂತಿಯ ಹಾಗೆ ಯಾಕೆ ನರಳಬೇಕು ಅಂತ ಹೆಂಗಸರು ತಮ್ಮತಮ್ಮಲ್ಲೇ ಕೇಳಿಕೊಂಡರು.

ಕೂಲಿಯವರ ಮುಕಾದಮ ಅವ್ವಣ್ಣ ಹಳೆಯ ಮನುಷ್ಯ. ಮಾತು ಕಡಿಮೆ. ಬಾವಿ ಜೀವ ಕೇಳುತ್ತಿದೆ ಅಂತ ಅವನು ಒಂದು ಸಲ ಅಂದದ್ದೇ ಸಾಕಾಯಿತು.

ದೀಪಾವಳಿ ಮುಗಿದ ಮೇಲೆ ಒಂದು ದಿನ ಹತ್ತಿರದ ಕಾರ್ಖಾನೆಯ ಮುಂದೆ ಬಿಳಿ ಗಾಡಿ ಬಂದು ನಿಂತಿತ್ತು. ಮಗ್ಗುಲಿಗೆ ಕೆಂಪು ಗುರುತು. ಕಾರ್ಖಾನೆಯ ಜನ ಒಬ್ಬೊಬ್ಬರಾಗಿ ಒಳಗೆ ಹೋಗಿ, ತೋಳು ಮಡಚಿಕೊಂಡು ಹೊರಗೆ ಬರುತ್ತಿದ್ದರು. ಗಾಡಿಯೊಳಗೆ ಗಾಜಿನ ಬಾಟಲಿಗಳಲ್ಲಿ ರಕ್ತ ತುಂಬಿದ್ದನ್ನು ನೀರಿಗೆ ಹೋದ ಹೆಂಗಸರು ಕಣ್ಣಾರೆ ನೋಡಿದರು. ಅದೇ ವಾರ ವಾಲಿದ ಬಾವಿ ಒಂದು ಗೇಣು ನೆಟ್ಟಗಾಯಿತು. ಇಂಜಿನಿಯರು ಎತ್ತರದ ಮಗ್ಗುಲಿಗೆ ಮರಳಿನ ಚೀಲ ಪೇರಿಸಿ ಭಾರ ಹಾಕಿದ್ದರು, ಅದಕ್ಕೇ ಆದದ್ದು. ಅವ್ವಣ್ಣ ಮಾತ್ರ ಬೇರೆ ಲೆಕ್ಕ ಹಾಕಿದ. ಬಾಟಲಿ ಎಲ್ಲಿಗೆ ಹೋದವು, ಯಾರಾದರೂ ಕಂಡಿರೇನು ಅಂತ ಕೇಳಿದ. ಯಾರೂ ಕಂಡಿರಲಿಲ್ಲ. ಬಾವಿಗೆ ಸುರಿದರು ಅನ್ನುವುದು ಅಲ್ಲಿಗೆ ಗಟ್ಟಿಯಾಯಿತು. ಅವತ್ತಿನಿಂದ ಜ್ವರ ಬಂದರೂ ಯಾರೂ ದವಾಖಾನೆಯ ಕಡೆ ಮುಖ ಹಾಕಲಿಲ್ಲ.

ಹೀಗಾಗಿ ಜಲ್ಲಿ ಒಡೆಯುವ ಹೆಂಗಸರಲ್ಲೊಬ್ಬಳಾದ ಅವ್ವಮ್ಮ ಜೋಪಡಿಯಲ್ಲೇ ಹಡೆದಳು. ಕೂಸು ನೆಟ್ಟಗಿತ್ತು, ಆದರೆ ತಾಯಿಗೆ ರಕ್ತ ಹೋಗುವುದು ನಿಲ್ಲಲಿಲ್ಲ. ಗಂಡ ಕಾಂತಪ್ಪ ತನ್ನ ತಾಯಿಯನ್ನು ಕರೆತರಲು ಊರಿಗೆ ಹೋದವನು ಇನ್ನೂ ಬಂದಿರಲಿಲ್ಲ. ಕಡೆಗೆ ಅವ್ವಮ್ಮನ ಅಕ್ಕ ಮರೆಮ್ಮ ಯಾರ ಮಾತೂ ಕೇಳದೆ, ಸಿಮೆಂಟು ಇಳಿಸಿ ಹೊರಟಿದ್ದ ಟ್ರಕ್ಕಿನಲ್ಲಿ ತಂಗಿಯನ್ನೂ ಕೂಸನ್ನೂ ಹಾಕಿಕೊಂಡು ದೊಡ್ಡ ಸರಕಾರಿ ದವಾಖಾನೆಗೆ ಹೋದಳು.

ಮಾರನೆಯ ದಿನ ವಾರದ ಸೂಟಿ. ಆದರೂ ಹಿಂದುಳಿದ ಕೆಲಸಕ್ಕೆ ಕೆಲವರನ್ನು ಕರೆದಿದ್ದರು. ಮರೆಮ್ಮನ ಗಂಡ ಹುಲಿಗೆಪ್ಪ ಮಾತ್ರ ಕೆಲಸಕ್ಕೆ ಇಳಿಯದೆ ಊರೊಳಗೆ ಹೊರಟ. ಜೋಳ ಬೀಸಿಸಬೇಕು, ಚಿಮಣಿ ಎಣ್ಣೆ ತರಬೇಕು, ಗುದ್ದಲಿಯ ಮೊನೆ ತಟ್ಟಿಸಬೇಕು, ಹೆಂಡತಿಗೆ ರೊಟ್ಟಿ, ನಾದಿನಿಗೆ ಗಂಜಿ ಮುಟ್ಟಿಸಬೇಕು. ಇದರ ಮೇಲೆ ಅವ್ವಣ್ಣ ಕರೆದು ಇನ್ನೊಂದು ಕೆಲಸ ಹಚ್ಚಿದ. ಸಂಜೆ ಬಾವಿಗೆ ಕುರಿ ಕಡಿಯುವುದಿತ್ತು. ಊರೊಳಗೆ ಕ್ಯಾಂಪು ಅನ್ನುವ ಪೇಟೆಯಿಂದ ಕುಂಕುಮ, ನಿಂಬೆಹಣ್ಣು, ತೆಂಗಿನಕಾಯಿ ತರಬೇಕು. ಹೊರಡುವಾಗ ಅವ್ವಣ್ಣ ಅವನ ತೋಳು ಹಿಡಿದು ನಿಲ್ಲಿಸಿದ.

“ದವಾಖಾನ್ಯಾಗ ಯಾರರೆ ನಿನ್ನ ಹೆಸರು ಕೇಳಿದ್ರ ಹೇಳಬ್ಯಾಡ, ತಮ್ಮಾ. ಹೆಸರು ಸಿಕ್ರ ಬಾವಿಗೆ ಕರ್ಯಾಕ ಭಾಳ ಸಸಾರ.”

ಹುಲಿಗೆಪ್ಪ ನಕ್ಕುಬಿಡಬೇಕೆಂದುಕೊಂಡ, ನಗು ಬರಲಿಲ್ಲ. ಮಂಜಿನಲ್ಲಿ ನಡೆಯುತ್ತ ಎಷ್ಟೋ ದೂರ ಹೋದರೂ ಬಾವಿಯ ಸದ್ದು ಬೆನ್ನಿಗೇ ಇದ್ದ ಹಾಗಿತ್ತು.

ಗಿರಣಿಯಲ್ಲಿ ಜೋಳದ ಚೀಲ ಇಟ್ಟ. ಗಿರಣಿಯವನ ಮುಖ, ಹುಬ್ಬು, ರೆಪ್ಪೆ ಎಲ್ಲ ಹಿಟ್ಟಿನಿಂದ ಬೆಳ್ಳಗಾಗಿದ್ದವು. ಅವನು ಹೆಸರೇನು ಅಂತ ಕೇಳಿದ್ದು ಚೀಲಕ್ಕೆ ಗುರುತು ಹಾಕಲು. ಹುಲಿಗೆಪ್ಪ ಹೆಂಡತಿಯ ಅಪ್ಪನ ಹೆಸರು ಹೇಳಿ ಬಂದ. ಗುದ್ದಲಿಯನ್ನು ಕಮ್ಮಾರನ ಹತ್ತಿರ ಕೊಟ್ಟ. ಎಣ್ಣೆಯ ಪಾಳಿ ಉದ್ದವಿತ್ತು, ಡಬ್ಬಿಯನ್ನು ಪಾಳಿಯಲ್ಲೇ ಇಟ್ಟು ಹಿಂದಿನ ಹೆಂಗಸಿಗೆ ನೋಡಿಕೊಳ್ಳಲು ಹೇಳಿದ. ಕುಂಕುಮ ಕಟ್ಟಿಸಿಕೊಳ್ಳುವಾಗ ಅಂಗಡಿಯವನ ಕೈ ಮುಂಗೈತನಕ ಕೆಂಪಗಿತ್ತು. ಅದನ್ನು ನೋಡಿ ಹುಲಿಗೆಪ್ಪ ಪೊಟ್ಟಣವನ್ನು ಕೈಚೀಲದ ತಳಕ್ಕೆ ತುರುಕಿದ.

ದವಾಖಾನೆಯ ಕೋಣೆಯಲ್ಲಿ ಅವ್ವಮ್ಮನನ್ನು ಅವನು ಮೊದಲು ಗುರುತಿಸಲಿಲ್ಲ. ಮುಖ ಹಸಿ ಸುಣ್ಣ ಬಳಿದ ಗೋಡೆಯ ಹಾಗಿತ್ತು. ತಲೆಯ ಮೇಲೆ ಕಬ್ಬಿಣದ ಕೊಕ್ಕೆಗೆ ಒಂದು ಬಾಟಲಿ ತೂಗುತ್ತಿತ್ತು. ಅದರಿಂದ ರಕ್ತ ಹನಿಹನಿಯಾಗಿ ನಳಿಗೆಯಲ್ಲಿ ಇಳಿದು ಅವಳ ಕೈಗೆ ಹೋಗುತ್ತಿತ್ತು. ತಳದಲ್ಲಿ ಸ್ವಲ್ಪವೇ ಉಳಿದಿತ್ತು. ಕೂಸನ್ನು ಎತ್ತಿಕೊಂಡು ಮರೆಮ್ಮ ಗೋಡೆಗೆ ಒರಗಿದ್ದಳು.

ಅವ್ವಮ್ಮ ಕಣ್ಣು ತೆರೆದಳು. “ಮಾಮಾ, ಬಾವಿ ಒಂದೇ ಸವನ ಕರೀಲಾಕತ್ತದ. ನಾ ಹೋಗ್ತೀನಿ. ಕೂಸು ನೋಡ್ರಿ.”

ದವಾಖಾನೆ ಹೊಳೆಯಿಂದ ದೂರ. ಆದರೂ ಹುಲಿಗೆಪ್ಪ ಕಿವಿಗೊಟ್ಟ. ಎಲ್ಲೋ ಗೋಡೆಯ ಆಚೆ ಸಣ್ಣಗೆ, ಎಡೆಬಿಡದೆ ನರಳುವ ಸದ್ದು ಇತ್ತು. ಅವನು ಗಂಜಿಯ ಡಬ್ಬಿಯನ್ನು ಮಂಚದ ಕೆಳಗೆ ಇಟ್ಟುಬಿಟ್ಟ.

ಮರೆಮ್ಮ ಅವನನ್ನು ಹೊರಗೆ ಕರೆದು ಎಲ್ಲ ಹೇಳಿದಳು. ರಕ್ತ ಹೋಗುವುದನ್ನು ಡಾಕ್ಟರು ನಿಲ್ಲಿಸಿದ್ದರು. ಆದರೆ ಮೈಯಲ್ಲಿ ಉಳಿದದ್ದು ಸಾಲದು, ಸಂಜೆಯೊಳಗೆ ಇನ್ನೊಂದು ಬಾಟಲಿ ಏರಿಸದಿದ್ದರೆ ಜೀವಕ್ಕೆ ಖಾತ್ರಿ ಇಲ್ಲ ಅಂದಿದ್ದರು. ಅವಳ ಜಾತಿಯ ರಕ್ತ ದವಾಖಾನೆಯಲ್ಲಿ ಇದ್ದದ್ದು ಅದೊಂದೇ ಬಾಟಲಿ. ಮರೆಮ್ಮ ತನ್ನ ಕೈ ಒಡ್ಡಿದಾಗ ಪರೀಕ್ಷೆ ಮಾಡಿ, ನಿನ್ನಲ್ಲೇ ರಕ್ತ ಕಮ್ಮಿ ಅದ ತಾಯಿ ಅಂತ ವಾಪಸು ಕಳಿಸಿದ್ದರು.

“ಇನ್ನ ನೀನ ಇದ್ದಿ,” ಅಂದಳು ಮರೆಮ್ಮ.

ಹುಲಿಗೆಪ್ಪ ನೆಲ ನೋಡಿದ. ಕಾಂತಪ್ಪ ಬರಲಿ ಅಂದ. ಕಲ್ಲು ಹೊರುವ ಮೈ, ರಕ್ತ ಕೊಟ್ಟರೆ ನಾಳೆ ದುಡಿಯುವವರು ಯಾರು ಅಂದ. ಮರೆಮ್ಮ ಎಲ್ಲ ಕೇಳಿಸಿಕೊಂಡಳು. ಆಮೇಲೆ ಅವನ ಕೈಚೀಲ ಬಿಡಿಸಿ ಕುಂಕುಮದ ಪೊಟ್ಟಣ ನೋಡಿದಳು.

“ಕುರಿ ರಕ್ತ ಬಾವಿಗೆ ಕೊಡಾಕ ಓಡ್ಯಾಡಲಾಕತ್ತಿ. ನನ್ನ ತಂಗಿಗೆ ಕೊಡಾಕ ಅಂಜಿಕಿ ಬರ್ತದ. ಭಾಳ ಚಲೋ ಗಣಮಗ ಅದೀ.”

ಅಷ್ಟರಲ್ಲಿ ರಕ್ತ ತೆಗೆಯುವ ಕೋಣೆಯ ನರ್ಸು ಸುಲಭಾಬಾಯಿ ಬಂದರು. ಅವರ ತವರು ಬೆಳಗಾವಿ. ಕನ್ನಡ ಬಲ್ಲವರು, ನಡುನಡುವೆ ಮರಾಠಿ ಸೇರುತ್ತಿತ್ತು. ಹೆಸರು ಕೇಳಿದರು. ಹುಲಿಗೆಪ್ಪ ಬಾಯಿ ಬಿಡಲಿಲ್ಲ. ಅವರು ಒತ್ತಾಯ ಮಾಡದೆ, ಏನು ಅಂಜಿಕೆ ಅದ ಅಂತ ಕೇಳಿದರು. ಅವನು ಬಿಳಿ ಗಾಡಿ, ಬಾಟಲಿ, ಬಾವಿ ಎಲ್ಲ ತೊದಲುತ್ತ ಹೇಳಿದ. ಅವರು ನಗುತ್ತಾರೆ ಅಂದುಕೊಂಡಿದ್ದ, ನಗಲಿಲ್ಲ. ಅವನನ್ನು ಅವ್ವಮ್ಮನ ಮಂಚದ ಹತ್ತಿರ ಕರೆದುಕೊಂಡು ಹೋದರು.

“ಆ ಗಾಡಿ ನಮ್ದ. ಗಾಡ್ಯಾಗಿನ ಬಾಟಲಿ ಎಲ್ಲಿ ಹೋದೂ ಅಂತ ಕೇಳ್ತೀರಲ್ಲ, ಇಲ್ಲೇ ಬಂದೂರಿ. ಹಳೇವು ತೀರಿ ಹೋಗ್ಯಾವ. ಇದು ಮೊನ್ನೆ ಅದೇ ಗಾಡಿ ಇನ್ನೊಂದು ಕಾರ್ಖಾನಿಗೆ ಹೋದಾಗ ಯಾರೋ ಕೊಟ್ಟದ್ದು. ಇದು ಇರಲಿಲ್ಲ ಅಂದ್ರ ಈ ಪೋರಿ ಮುಂಜಾನೇನ ಹೋಗ್ತಿದ್ಲು.”

ಹುಲಿಗೆಪ್ಪ ಬಾಟಲಿಯನ್ನೇ ನೋಡಿದ. ಒಂದು ಹನಿ ತುಂಬಿಕೊಂಡು, ನಿಂತು, ಕೆಳಗೆ ಬಿತ್ತು. ಹಿಂದೆಯೇ ಇನ್ನೊಂದು ತುಂಬತೊಡಗಿತು. ಯಾರ ರಕ್ತ ಅಂತ ಕೇಳಿದ. ತನಗೂ ಗೊತ್ತಿಲ್ಲ, ಕೊಟ್ಟವರಿಗೂ ಇವಳು ಗೊತ್ತಿಲ್ಲ ಅಂದರು ಸುಲಭಾಬಾಯಿ. ಮುಖ ಕಾಣದ ಒಬ್ಬ ಮನುಷ್ಯ ಇವಳ ಮೈಯೊಳಗೆ ಬಂದು ಇವಳನ್ನು ಹಿಡಿದು ನಿಲ್ಲಿಸಿದ್ದ. ಹುಲಿಗೆಪ್ಪನಿಗೆ ಬಾವಿಯ ಅಂಜಿಕೆಗಿಂತ ಇದು ದೊಡ್ಡದಾಗಿ ಕಂಡಿತು. ಅವನು ಚೀಲ ಕೆಳಗಿಟ್ಟ.

“ಹುಲಿಗೆಪ್ಪ ಅಂತ ಬರಕೋರಿ.”

ಸುಲಭಾಬಾಯಿ ಮೊದಲು ಊಟ ಆಗಿದೆಯೇ ಅಂತ ಕೇಳಿದರು. ಆಗಿರಲಿಲ್ಲ. ಬರೀ ಹೊಟ್ಟೆಯಲ್ಲಿ ಕೊಡಬಾರದು ಅಂತ ಅಲ್ಲೇ ಕೂಡಿಸಿ ಮರೆಮ್ಮನ ರೊಟ್ಟಿ ತಿನ್ನಿಸಿದರು. ಬೆರಳಿಗೆ ಚುಚ್ಚಿ ಒಂದು ಹನಿ ತೆಗೆದು ನೋಡಿದರು. ತೂಕ ಮಾಡಿದರು. ಕಾಮಾಲೆ ಆಗಿತ್ತೇ, ಜ್ವರ ಬಂದಿತ್ತೇ, ನಿನ್ನೆ ಕುಡಿದಿದ್ದೆಯಾ ಅಂತೆಲ್ಲ ವಿಚಾರಿಸಿದರು. ಜಾತಿ ಹೊಂದಿತು. ಇಲ್ಲಿ ಜಾತಿ ಅಂದರೆ ರಕ್ತದ್ದು, ಮನೆತನದ್ದಲ್ಲ ಅಂತ ಹೇಳುತ್ತಲೇ ಅವನನ್ನು ಮಂಚದ ಮೇಲೆ ಮಲಗಿಸಿದರು.

ಆ ಕೋಣೆಯಲ್ಲಿ ನರಳುವ ಸದ್ದು ಜೋರಾಗಿತ್ತು. ತಲೆಯ ಹಿಂದೆಯೇ ಇತ್ತು. ಅವನು ಎದ್ದು ಕೂತ. ಏನಾಯಿತು ಅಂತ ತಿಳಿದು ಸುಲಭಾಬಾಯಿ ಹಿಂದೆ ಹೋಗಿ ದೊಡ್ಡದೊಂದು ಪೆಟ್ಟಿಗೆಯ ಬಾಗಿಲು ತೆಗೆದರು. ರಕ್ತ ಕೆಡದಂತೆ ತಣ್ಣಗೆ ಇಡುವ ಯಂತ್ರ. ಕರೆಂಟಿನ ಮೇಲೆ ನಡೆಯುತ್ತ ಅದೇ ಗುಂಯ್‌ಗುಡುತ್ತಿತ್ತು. ಒಳಗೆ ಬೆಳಕಿತ್ತು, ಹೊಗೆಯಂಥ ತಣ್ಣನೆ ಗಾಳಿ ಬಂತು. ಎಷ್ಟೋ ಹಲಗೆಗಳು ಬರಿದಾಗಿದ್ದವು.

“ನೋಡ್ರಿ, ಇದರ ಹೊಟ್ಟಿ ಖಾಲಿ ಅದ. ನನಗ ಅಂಜಿಕಿ ಬರೋದು ಇದನ್ನ ನೋಡಿದ್ರ.”

ಸೂಜಿ ಚುಚ್ಚಿದಾಗ ಜಲ್ಲಿಯ ಚೂರು ಸಿಡಿದಷ್ಟು ನೋವಾಯಿತು. ಆಮೇಲೆ ಏನೂ ಇಲ್ಲ. ಮುಷ್ಟಿ ಬಿಗಿದು ಸಡಿಲಿಸು ಅಂದರು, ಮಾಡಿದ. ಬಾಟಲಿ ಮಂಚದ ಕೆಳಗಿತ್ತು. ಅದರೊಳಗೆ ತನ್ನ ಬಿಸಿ ಇಳಿಯುತ್ತಿರುವುದನ್ನು ನೋಡಬಾರದು ಅಂದುಕೊಂಡು ನೋಡಿದ. ಕೈ ಹಗುರಾಯಿತು. ಬಾಟಲಿ ತುಂಬಿತು ಅಂತ ಅವರು ಹೇಳುವ ಹೊತ್ತಿಗೆ ಯಂತ್ರದ ಸದ್ದು ತಾನಾಗಿ ನಿಂತಿತು. ಆಗಾಗ ಹಾಗೆ ನಿಲ್ಲುತ್ತದೆ ಅಂತ ಸುಲಭಾಬಾಯಿ ಅಂದರು. ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಹುಲಿಗೆಪ್ಪ ಮೆಲ್ಲಗೆ ಎದ್ದು ಕೂತ.

ಬಿಸ್ಕೀಟು, ಚಹಾ ಕೊಟ್ಟರು. ನೀರು ಹೆಚ್ಚು ಕುಡಿ, ಇವತ್ತು ಭಾರ ಎತ್ತಬೇಡ, ನಾಳೆ ನಿನ್ನ ಕೆಲಸ ನಿನಗೆ ಅಂದರು. ಹೋದ ರಕ್ತವನ್ನು ಮೈ ತಾನೇ ಮಾಡಿಕೊಳ್ಳುತ್ತದೆ, ಮೂರು ತಿಂಗಳಾದ ಮೇಲೆ ಮತ್ತೆ ಕೊಡಬಹುದು ಅಂದರು. ಅವನ ರಕ್ತವನ್ನು ಅವ್ವಮ್ಮನದರ ಜೊತೆ ಬೆರೆಸಿ ಹೊಂದುತ್ತದೆಯೇ ಅಂತ ನೋಡಿ, ಬಿಸಿಲು ಇಳಿಯುವ ಮುಂಚೆ ಕೊಕ್ಕೆಗೆ ತೂಗು ಹಾಕಿದರು. ಅದು ಅರ್ಧ ಆಗುವಾಗ ಅವ್ವಮ್ಮನ ತುಟಿಗೆ ಬಣ್ಣ ಬಂತು. ಹಸಿವು ಅಂದಳು. ಮರೆಮ್ಮ ಗಂಜಿ ಕುಡಿಸುತ್ತ ಗಂಡನ ಕಡೆ ನೋಡಿದಳು.

ಹುಲಿಗೆಪ್ಪ ಜೋಪಡಿಗೆ ಮುಟ್ಟುವಾಗ ಬಾವಿಯ ಹತ್ತಿರ ಜನ ಕಾದಿದ್ದರು. ಕುರಿ ಕಟ್ಟಿತ್ತು. ಅವನ ಜೊತೆ ಹಿಟ್ಟಿನ ಚೀಲ, ಗುದ್ದಲಿ, ಎಣ್ಣೆಯ ಡಬ್ಬಿ ಹೊತ್ತು ಗಿರಣಿಯ ಹಮಾಲ ಬಂದಿದ್ದ. ತೋಳಿನ ಪಟ್ಟಿ ಕಂಡ ಕೂಡಲೇ ನಾಲ್ಕು ಜನ ಹಿಂದೆ ಸರಿದರು. ಅವ್ವಣ್ಣ ಹತ್ತಿರ ಬಂದು ಅವನ ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದ, ಕೈ ಮುಟ್ಟಿ ನೋಡಿದ. ಬಿಸಿ ಇತ್ತು.

“ಎಷ್ಟ ತಗೊಂಡ್ರು?”

“ಒಂದ ದೊಡ್ಡ ಲೋಟ. ಅವ್ವಮ್ಮ ಉಳದ್ಲು, ಕಾಕಾ. ಗಾಡ್ಯಾಗಿನ ಬಾಟಲಿ ಬಾವಿಗೆ ಹೋಗಿಲ್ಲ. ನಾ ಕಣ್ಣಿಲೆ ನೋಡೀನಿ, ನಮ್ಮ ಅವ್ವಮ್ಮನ ಮೈಯಾಗ ಹೋಗ್ಯಾದ. ನನಗಿಂತ ಮೊದ್ಲ ಯಾರೋ ಒಂದ ಬಾಟಲಿ ಕೊಟ್ಟಾರ. ಅದು ನಮ್ಮ ಮ್ಯಾಲ ಸಾಲ.”

ಅವ್ವಣ್ಣ ಕುಂಕುಮದ ಪೊಟ್ಟಣ ಇಸಿದುಕೊಂಡ. ಅವತ್ತು ಕುರಿ ಕಡಿಯುವುದೇನೂ ನಿಲ್ಲಲಿಲ್ಲ. ಇಂಜಿನಿಯರು ಭಾರ ಹಾಕುತ್ತ ಹೋದಂತೆ ಬಾವಿಯೂ ನೆಟ್ಟಗಾಯಿತು. ಮಂಜು ಇರುವ ಮುಂಜಾನೆ ಅದು ಈಗಲೂ ನರಳುತ್ತದೆ.

ಆದರೆ ಅವ್ವಮ್ಮ ಕೂಸನ್ನು ಎತ್ತಿಕೊಂಡು ನಡೆದು ಬಂದ ಮೇಲೆ ಒಂದು ದಿನ, ಅವ್ವಣ್ಣ ತಲೆಗೆ ತೊಳೆದ ಪಟಗ ಸುತ್ತಿಕೊಂಡು ಒಬ್ಬನೇ ದವಾಖಾನೆಗೆ ಹೋದ. ಸುಲಭಾಬಾಯಿಯ ಮುಂದೆ ಬಲತೋಳು ಚಾಚಿ, ಹುಡುಗಿಯ ಮೇಲಿನ ಸಾಲ ತಾನು ತೀರಿಸುತ್ತೇನೆ ಅಂದ. ವಯಸ್ಸು ಕೇಳಿದರು. ದೊಡ್ಡ ಜ್ವರ ಬಂದು ಊರಿಗೆ ಊರೇ ಸತ್ತ ವರ್ಷ ತಾನು ದನ ಕಾಯುತ್ತಿದ್ದೆ ಅಂದ. ಅವರು ಅವನ ಕೈಯನ್ನು ಮೆಲ್ಲಗೆ ಮಡಚಿ ಅವನ ಎದೆಗೆ ಇಟ್ಟರು. ಅರವತ್ತು ದಾಟಿದವರ ರಕ್ತ ತೆಗೆಯುವುದಿಲ್ಲ ಅಂದರು.

“ಹಂಗಾರ ಈ ಸಾಲ ಯಾರು ತೀರಸ್ಬೇಕ್ರಿ?” ಅಂತ ಕೇಳಿ ಅವ್ವಣ್ಣ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತುಬಿಟ್ಟ. 

ಅಕ್ಕಗಳಿರಾ, ಅಣ್ಣಗಳಿರಾ, ಇದನ್ನು ಓದುವ ನಿಮಗೆ ಹದಿನೆಂಟು ತುಂಬಿರಬಹುದು, ಅರವತ್ತು ಆಗಿರಲಿಕ್ಕಿಲ್ಲ. ಮೈಯಲ್ಲಿ ಕಾಯಿಲೆ ಇಲ್ಲ, ತೂಕ ನಲವತ್ತೈದು ಕಿಲೋಗೆ ಕಡಿಮೆ ಇಲ್ಲ ಅಂದರೆ ನಿಮ್ಮ ರಕ್ತ ನಡೆಯುತ್ತದೆ. ಪೇಟೆಯ ಕೆಲಸಕ್ಕೆ ಹೊರಟ ದಿನವೇ ಊಟ ಮಾಡಿ ದವಾಖಾನೆಯ ಬಾಗಿಲಿಗೆ ಹೋಗಿ ಬನ್ನಿ. ಎಣ್ಣೆಯ ಪಾಳಿಯಲ್ಲಿ ನಿಲ್ಲುವಷ್ಟು ಹೊತ್ತೂ ಹಿಡಿಯುವುದಿಲ್ಲ. ಬಾಣಂತಿಯನ್ನು ಜೋಪಡಿಯಲ್ಲಿ ಇಟ್ಟುಕೊಂಡು ಕಾಯಬೇಡಿ.

ಮುಖ ಕಾಣದ ಆ ಮನುಷ್ಯನ ಒಂದು ಬಾಟಲಿ ಇನ್ನೂ ಬಾಕಿ ಇದೆ.