ದೇವಿ ಬಿಟ್ಟ ಮೇಲೆ ಚಂದ್ರವ್ವ

"ಯಾರು ಇಡಾಕತ್ತೀರಿ ಇದನ್ನ?" ಎನ್ನುತ್ತ ಬನಶಂಕರೆವ್ವ ಹೆಣದ ಕಾಲಬುಡದಲ್ಲಿದ್ದ ಬೇವಿನ ಟೊಂಗೆಗಳನ್ನು ಬಾಚಿ ಅಂಗಳಕ್ಕೆ ಒಗೆದಳು. ಬೆಳಗಿನಿಂದ ಇದೇ ನಡೆದಿತ್ತು. ಅವಳು ಒಗೆದು ಒಳಗೆ ಬರುವಷ್ಟರಲ್ಲಿ ಯಾರೋ ಮತ್ತೆ ತಂದು ಇಡುತ್ತಿದ್ದರು. ಜೊತೆಗೆ ಅರಿಷಿಣ, ಕುಂಕುಮ, ಒಂದೆರಡು ತೆಂಗಿನಕಾಯಿ.

ಬೆಟಗೇರಿಯ ನೇಕಾರ ಓಣಿಯ ಆ ಮನೆಯ ಪಡಸಾಲೆಯಲ್ಲಿ ಚಂದ್ರವ್ವನನ್ನು ಮಲಗಿಸಿದ್ದರು. ಹಿಂದಿನ ಸಂಜೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕುಳಿತಿದ್ದವಳು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದ್ದಳು. ಡಾಕ್ಟರು ಬರುವ ಮೊದಲೇ ಎಲ್ಲ ಮುಗಿದಿತ್ತು. ಗಂಡ ಪ್ರಲ್ಹಾದ ಗೋಡೆಗೆ ಒರಗಿ ಕುಳಿತಿದ್ದ. ಬನಶಂಕರೆವ್ವ ಅವನ ಅಣ್ಣನ ಹೆಂಡತಿ. ಬೆಳ್ಳಟ್ಟಿಗೆ ಕೊಟ್ಟ ಮಗಳು ಶೇಖವ್ವ ಇನ್ನೂ ಬಂದಿರಲಿಲ್ಲ. ಅವಳಿಗಾಗಿ ಹೆಣ ಕಾಯುತ್ತಿತ್ತು, ಮಂದಿ ಮಾತಾಡುತ್ತಿದ್ದರು.

"ಮುಂಬೈದಾಗ ಅರ್ಧಾ ಹೊಟ್ಟೀನ ತಗದು ಕಳಿಸಿದ್ರಂತ," ಎಂದಳು ಒಬ್ಬಾಕೆ.

"ಅವರಿಕಾಳಿನಷ್ಟು ಗಡ್ಡಿ ಅದು," ಎಂದಳು ಬನಶಂಕರೆವ್ವ. "ಎಷ್ಟು ಸಲ ಹೇಳೂದು ನಿಮಗ? ಹನ್ನೆರಡು ವರ್ಷ ಆತು, ಹೇಳಿ ಹೇಳಿ ನನ್ನ ಬಾಯಿ ಸವದು ಹೋತು."

ಅಷ್ಟರಲ್ಲಿ ಹನುಮಪ್ಪ ಕೋಲೂರಿಕೊಂಡು ಬಂದ. ಓಣಿಗೆಲ್ಲ ಹಿರಿಯ. ಕುಳಿತುಕೊಳ್ಳದೆ ಪ್ರಲ್ಹಾದನ ಮುಂದೆ ನಿಂತ.

"ಬೇವಿನ ಕಟ್ಟಿ ಹಂತ್ಯಾಕ ತೆಗ್ಗು ತೋಡಾಕ ಹುಡುಗರಿಗೆ ಹೇಳಿ ಬಂದೀನಿ."

ಪ್ರಲ್ಹಾದ ತಲೆ ಎತ್ತಿದ. "ಯಾರನ್ನ ಕೇಳಿ ಹೇಳಿದ್ರಿ, ಕಾಕಾ?"

"ಕೇಳೂದೇನೈತಿ? ದೇವಿ ಮೈಮ್ಯಾಲೆ ಬರ್ತಿದ್ದಾಕಿ. ಎಲ್ಲಾರಂಗ ಸುಡುಗಾಡಿಗೆ ಒಯ್ಯಾಕ ಬರೂದಿಲ್ಲ. ಅಲ್ಲೆ ಇಟ್ಟು ಗದ್ದಿಗಿ ಕಟ್ಟೋಣು."

"ದೇವಿ ಹೋಗಿ ಬಾಳ ವರ್ಷ ಆತು."

"ಹೋಗಿದ್ದಲ್ಲ. ನೀವು ಕೊಯ್ಸಿ ತಗಸಿದ್ರಿ. ಅದರ ಸಿಟ್ಟು ಇದು."

"ಸಿಟ್ಟು ಬರಾಕ ದೇವಿಗೆ ಹನ್ನೆರಡು ವರ್ಷ ಬೇಕಾತೇನು, ಮಾವ?" ಎಂದಳು ಬನಶಂಕರೆವ್ವ.

*

ಪ್ರಲ್ಹಾದನ ತಾಯಿ ಅಮೃತವ್ವ ಬದುಕಿದ್ದ ಕಾಲದಲ್ಲಿ ಚಂದ್ರವ್ವನಿಗೆ ಗುರುವಾರ ರಾತ್ರಿಯ ಊಟ ಇರುತ್ತಿರಲಿಲ್ಲ. ಉಪವಾಸ ಮಾಡಿದರೆ ದೇವಿ ತಪ್ಪದೆ ಬರುತ್ತಾಳೆಂಬುದನ್ನು ಅತ್ತೆ ಕಂಡುಕೊಂಡಿದ್ದಳು. ಅದು ಸುಳ್ಳೂ ಆಗಿರಲಿಲ್ಲ. ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಚಂದ್ರವ್ವನ ಮೈ ಬೆವರಿ ಸೀರೆ ತೊಯ್ಯುತ್ತಿತ್ತು, ಕೈ ನಡುಗುತ್ತಿದ್ದವು, ಕಣ್ಣು ಎಲ್ಲೋ ನೋಡುತ್ತಿದ್ದವು. ಯಾರಿಗೋ ಬೈಯುತ್ತಿದ್ದಳು, ನಗುತ್ತಿದ್ದಳು, ಅರ್ಧರ್ಧ ಮಾತಾಡುತ್ತಿದ್ದಳು. ಓಣಿಯ ಬೇವಿನ ಕಟ್ಟೆಯ ಮೇಲೆ ಕೂಡಿಸಿ ಕೈಗೆ ಬೇವಿನಸೊಪ್ಪು ಕೊಟ್ಟರೆ ನಾಗಾವಿ, ಕಳಸಾಪುರದಿಂದ ಬಂದವರೆಲ್ಲ ಸಾಲಾಗಿ ನಿಂತು ಕೇಳುತ್ತಿದ್ದರು. ಕೊನೆಗೆ ಪ್ರಸಾದದ ಬೆಲ್ಲ ಬಾಯಿಗಿಟ್ಟ ಸ್ವಲ್ಪ ಹೊತ್ತಿಗೆ ದೇವಿ ಇಳಿಯುತ್ತಿದ್ದಳು. ಚಂದ್ರವ್ವನಿಗೆ ಏನೊಂದೂ ನೆನಪಿರುತ್ತಿರಲಿಲ್ಲ. ತಲೆ ಸಿಡಿಯುತ್ತಿತ್ತು, ಅಷ್ಟೇ.

ಹನುಮಪ್ಪನ ಮಗ ಕೊಟ್ರಪ್ಪ ಅಪ್ಪನೊಡನೆ ಜಗಳಾಡಿ ಮನೆ ಬಿಟ್ಟು ಹೋಗಿದ್ದ. ಒಂದು ಶುಕ್ರವಾರ ಹನುಮಪ್ಪ ಅದನ್ನೇ ಕೇಳಿದ. "ಬರ್ತಾನ, ಬರ್ತಾನ," ಎಂದಿದ್ದಳು ಚಂದ್ರವ್ವ.

ಗದುಗಿನಿಂದ ತಾರಾಬಾಯಿ ಎಂಬ ಹಿರಿಯರು ಬರುತ್ತಿದ್ದರು. ಒಮ್ಮೆ ಅವರನ್ನು ಕರೆದುಕೊಂಡು ಡಾಕ್ಟರಾಗಿದ್ದ ಮಗ ಮಾರ್ತಾಂಡ ಬಂದ. ಬೇಸರದಿಂದ ಗಡಿಯಾರ ನೋಡುತ್ತ ನಿಂತಿದ್ದವನು ಚಂದ್ರವ್ವನ ಬೆವರು ಕಂಡು ಹತ್ತಿರ ಬಂದು ನಾಡಿ ಹಿಡಿದ. ಚೀಲದಿಂದ ಸಿರಿಂಜ್ ತೆಗೆದು ರಕ್ತ ಎಳೆದುಕೊಂಡ.

"ಈಗ ಒಂದಿಷ್ಟು ಸಕ್ಕರಿನೀರು ಕೊಡ್ರಿ ಇವರಿಗೆ."

"ಇನ್ನೂ ನಾ ಕೇಳೇ ಇಲ್ಲೋ, ಮಾರ್ತಾಂಡ," ಎಂದರು ತಾರಾಬಾಯಿ.

"ಅವ್ವಾ, ಕೇಳೂದು ಆಮ್ಯಾಲೆ. ಈ ಹೆಣ್ಣುಮಗಳು ಸಾಯಲಿಕ್ಕೆ ಹತ್ಯಾಳ."

ಸಕ್ಕರೆ ತಂದವಳು ಬನಶಂಕರೆವ್ವ. ಅಮೃತವ್ವ ಅವಳ ಕೈ ತಡೆಯಲು ನೋಡಿದಳು, ಅವಳು ಕೇಳಲಿಲ್ಲ.

*

ಎಪ್ಪತ್ನಾಲ್ಕರಲ್ಲಿ ಮಾರ್ತಾಂಡ ಬರೆದುಕೊಟ್ಟ ಚೀಟಿ ಹಿಡಿದು ಗಂಡಹೆಂಡತಿ ಮಿರಜದಲ್ಲಿ ಗಾಡಿ ಬದಲಿಸಿ ಮುಂಬೈಗೆ ಹೋದರು. ಸೀರೆ ವ್ಯಾಪಾರಕ್ಕೆ ಓಡಾಡಿದ್ದ ಪ್ರಲ್ಹಾದನಿಗೆ ಮರಾಠಿ ಬರುತ್ತಿತ್ತು. ಸರ್ಜನ್ ಹೇಳಿದ್ದನ್ನು ಅವನೇ ಹೆಂಡತಿಗೆ ತಿಳಿಸಿದ.

ಜಠರದ ಹಿಂದೆ ಮೇದೋಜ್ಜೀರಕ ಎಂಬ ಗ್ರಂಥಿ ಇದೆ. ರಕ್ತದ ಸಕ್ಕರೆಯನ್ನು ಹದದಲ್ಲಿಡುವುದು ಅದರ ಕೆಲಸ. ಅದರೊಳಗೆ ಒಂದು ಸಣ್ಣ ಗಡ್ಡೆ ಬೆಳೆದು, ಹೊತ್ತುಗೊತ್ತಿಲ್ಲದೆ ಸಕ್ಕರೆಯನ್ನು ಇಳಿಸುತ್ತಿತ್ತು. ಗಡ್ಡೆ ಇದ್ದ ಅರ್ಧ ಗ್ರಂಥಿಯನ್ನೇ ಕೊಯ್ದು ತೆಗೆಯುವುದು ಒಂದು ದಾರಿ. ಆದರೆ ಮುಂದೆ ಸಕ್ಕರೆ ಕಾಯಿಲೆ ಬಂದು ದಿನವೂ ಇಂಜೆಕ್ಷನ್ ಬೇಕಾಗಬಹುದು. ಗಡ್ಡೆಯೊಂದನ್ನೇ ಬಿಡಿಸಿ ತೆಗೆದರೆ ಗ್ರಂಥಿ ಉಳಿಯುತ್ತದೆ. ಬಿಡಿಸಿದ ಜಾಗದಿಂದ ರಸ ಸೋರಬಹುದು, ಎಷ್ಟು ದಿನವೆಂದು ಹೇಳಲಾಗದು.

"ಕೆಟ್ಟದ್ದು ಅಷ್ಟ ಇದ್ರ ಅಷ್ಟ ತಗೀಲಿ," ಎಂದಳು ಚಂದ್ರವ್ವ. "ಉಳಿದದ್ದು ಏನು ತಪ್ಪು ಮಾಡೈತಿ?"

ರಸ ಸೋರಿತು. ವಾರಗಳು ಕಳೆದವು. ಹೊಟ್ಟೆಯಿಂದ ಬಂದ ನಳಿಕೆ ಬಾಟಲಿಗೆ ಹನಿಸುತ್ತಲೇ ಇತ್ತು, ಸುತ್ತಲಿನ ಚರ್ಮ ಸುಟ್ಟಂತೆ ಕೆಂಪಾಯಿತು. ಆಸ್ಪತ್ರೆಯ ವರಾಂಡದಲ್ಲಿ ಮಲಗಿ ಮಲಗಿ ಪ್ರಲ್ಹಾದನ ತಾಳ್ಮೆ ಕೆಟ್ಟಿತು.

"ಅರ್ಧಾ ತಗಸಿದ್ರ ಇಷ್ಟೊತ್ತಿಗೆ ಮನ್ಯಾಗ ಇರ್ತಿದ್ವಿ. ನಿನ್ನ ಹಟಕ್ಕ ಮಗ್ಗ ನಿಂತು ತಿಂಗಳಾತು."

"ಸೋರೂದು ಇವತ್ತಲ್ಲ ನಾಳೆ ನಿಲ್ತೈತಿ," ಎಂದಳು ಅವಳು. "ಕೊಯ್ದದ್ದು ಮತ್ತ ಬರ್ತೈತೇನು?"

ಅವನು ಸಿಟ್ಟಿನಿಂದ ಹೊರಗೆ ಹೋಗಿ, ಚಹಾ ಕುಡಿದು, ಅವಳಿಗೊಂದು ಮೋಸಂಬಿ ಹಿಡಿದುಕೊಂಡು ಬಂದ. ಸೋರುವುದು ನಿಂತಿತು, ಕೊನೆಗೆ.

ಊರಿಗೆ ಬಂದ ಮೇಲೆ ಅಮೃತವ್ವ ಹಟ ಹಿಡಿದು ಎರಡು ಶುಕ್ರವಾರ ಉಪವಾಸ ಕೂಡಿಸಿದಳು. ಚಂದ್ರವ್ವ ಆಕಳಿಸುತ್ತ ಕುಳಿತಳು. ಮೂರನೆಯ ಶುಕ್ರವಾರ ಓಣಿಯವರೆಲ್ಲ ಕಾಣುವ ಹಾಗೆ ಬಾಗಿಲಲ್ಲಿ ಕುಳಿತು ರೊಟ್ಟಿ, ಕೆಂಪು ಚಟ್ನಿ ತಿಂದಳು. ಆಮೇಲೆ ಯಾವ ಹಬ್ಬಕ್ಕೂ ಉಪವಾಸ ಮಾಡಲಿಲ್ಲ. ಹಬ್ಬದ ದಿನ ಉಣ್ಣಬೇಡವೆಂದರೂ ಕೇಳುವವಳಲ್ಲ, ಪ್ರಲ್ಹಾದ ಬೈದು ಬೈದು ಕೈಬಿಟ್ಟ. ಬಾವಿಗೆ ಹೋದರೆ, ದೇವಿ ಬಿಟ್ಟವಳೆಂದು ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿಯುತ್ತಿದ್ದರು.

ಹನುಮಪ್ಪ ಮಾತ್ರ ಒಂದು ದಿನ ಮಗ್ಗದ ಹತ್ತಿರ ಬಂದು ನಿಂತ. "ಕೊಟ್ರಪ್ಪ ಬರ್ತಾನ ಅಂದಿದ್ದೆವ್ವಾ. ಯಾವಾಗ ಅಂತ ಹೇಳಲಿಲ್ಲ."

ಚಂದ್ರವ್ವ ಕೈಯಲ್ಲಿದ್ದ ನೂಲು ಬಿಟ್ಟಳು. "ಮಾವ, ನಾ ಏನಂದೆ ನನಗ ಗೊತ್ತಿಲ್ಲ. ತಲಿಗೆ ಸಕ್ಕರಿ ಇಲ್ದ ಏನೋ ಬಡಬಡಿಸಿದ್ದೆ. ಸುಳ್ಳು ಹೇಳಿ ನಿಮ್ಮನ್ನ ಇನ್ನೂ ಅವನ ದಾರಿ ಕಾಯ್ಕೋತ ಕುಂಡ್ರಸಲೇನು?"

ಅಂದಿನಿಂದ ಅವನು ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ.

*

ಬೆಳ್ಳಟ್ಟಿ ದಾರಿಯ ಲಕ್ಷ್ಮೇಶ್ವರದ ಬಸ್ಸು ತಡವಾಗಿ ಶೇಖವ್ವ ಮಧ್ಯಾಹ್ನ ದಾಟಿದ ಮೇಲೆ ಬಂದಳು. ತಾಯಿಯ ಎದೆಯ ಮೇಲೆ ಮುಖವಿಟ್ಟು ಅತ್ತಳು. ಎದ್ದು ಕಾಲು ಮುಟ್ಟಿದಾಗ ಕೈಗೆ ಬೇವಿನೆಲೆ ಹತ್ತಿದವು.

"ಏನಿದು?"

ಬನಶಂಕರೆವ್ವ ಹೇಳಿದಳು. ಶೇಖವ್ವ ಹನುಮಪ್ಪನ ಕಡೆ ತಿರುಗಿದಳು. ದನಿ ಏರಲಿಲ್ಲ.

"ಅಜ್ಜಾ, ನಾ ಸಣ್ಣಾಕಿ ಇದ್ದಾಗ ಶುಕ್ರವಾರಕ್ಕೊಮ್ಮೆ ಆಕೀನ ಅವ್ವಾ ಅಂತ ಕರದ್ರ ನಮ್ಮ ಅಮೃತವ್ವ ಆಯಿ ನನ್ನ ಬಾಯಿ ಮುಚ್ತಿದ್ಲು. ಅವ್ವ ಅಲ್ಲ, ದೇವಿ ಅನ್ನು ಅಂತಿದ್ಲು. ಮುಂಬೈದಿಂದ ಬಂದ ಮ್ಯಾಲೆ ವಾರಪೂರ್ತಿ ಅವ್ವ ಆದ್ಲು. ಈಗ ಮತ್ತ ಕಟ್ಟಿ ಮ್ಯಾಲೆ ಕುಂಡ್ರಸಬ್ಯಾಡ್ರಿ."

ಪ್ರಲ್ಹಾದ ಎದ್ದ. ಬೆಳಗಿನಿಂದ ತಡೆದುಕೊಂಡದ್ದೆಲ್ಲ ಅವನ ಮುಖದಲ್ಲಿತ್ತು. "ಆ ತೆಗ್ಗು ಮುಚ್ಚಾಕ ಹೇಳ್ರಿ, ಕಾಕಾ. ಇಕಿ ನಮ್ಮ ಮಂದಿ ನಡುವ ಮಲಗತಾಳ. ಈ ಕಾಯಿ, ಕುಂಕುಮ ಯಾರು ತಂದೀರಿ, ತಗೊಂಡು ನಡೀರಿ. ಹನ್ನೆರಡು ವರ್ಷ ಇಕಿ ಕೊಡಕ್ಕ ಒಂದು ಕೈ ಹಚ್ಚಲಿಲ್ಲ ನೀವು."

ಹನುಮಪ್ಪ ಕೋಲೂರಿಕೊಂಡು ಹೊರಗೆ ಹೋದ. ಬಂದವರಲ್ಲಿ ಅರ್ಧದಷ್ಟು ಜನ ಅವನ ಹಿಂದೆ ಹೋದರು.

ತಮ್ಮವರನ್ನು ಹೂಳುವ ಸುಡುಗಾಡಿಗೆ ಉಳಿದವರೇ ಹೊತ್ತುಕೊಂಡು ಹೋದರು. ತೆಗ್ಗಿನೊಳಗೆ ಹೆಣ ಇಳಿಸಿ, ಪ್ರಲ್ಹಾದ ಮೊದಲ ಹಿಡಿ ಮಣ್ಣು ಹಾಕಿದ. ಸಲಿಕೆ ಹಿಡಿದವರು ಮುಂದೆ ಬಂದಾಗ ಹಿಂದಿನಿಂದ ಯಾರೋ "ತಡೀರಿ" ಎಂದರು. ಹನುಮಪ್ಪ ಒಬ್ಬನೇ ಏದುಸಿರು ಬಿಡುತ್ತ ಬರುತ್ತಿದ್ದ. ಮತ್ತೇನು ತಕರಾರೋ ಎಂದು ಪ್ರಲ್ಹಾದ ಹಲ್ಲು ಕಚ್ಚಿದ.

ಮುದುಕ ಕೋಲನ್ನು ಪಕ್ಕಕ್ಕಿಟ್ಟು, ತೆಗ್ಗಿನ ಅಂಚಿನಲ್ಲಿ ಕಷ್ಟಪಟ್ಟು ಕುಕ್ಕುರುಗಾಲಲ್ಲಿ ಕುಳಿತ. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಚಂದ್ರವ್ವಾ," ಎಂದ ಮೆಲ್ಲಗೆ. "ಈಗ ಎಲ್ಲಾ ಕಾಣತಿರಬೇಕಲ್ಲ ನಿನಗ. ನಮ್ಮ ಕೊಟ್ರಪ್ಪ ಜೀವಂತ ಇದ್ದಾನೇನವ್ವಾ?"

ಸಲಿಕೆಯವನೊಬ್ಬ ಕೆಮ್ಮಿ ಹೆಜ್ಜೆ ಮುಂದಿಟ್ಟ. ಪ್ರಲ್ಹಾದ ಕೈ ಎತ್ತಿ ಅವನನ್ನು ನಿಲ್ಲಿಸಿದ. ಹನುಮಪ್ಪ ಚೆನ್ನಾಗಿ ಕೇಳುವ ಕಿವಿಯನ್ನು ತೆಗ್ಗಿನ ಕಡೆ ತಿರುಗಿಸಿ, ಬಾಗಿ, ಕಣ್ಣು ಮುಚ್ಚಿ ಕುಳಿತಿದ್ದ.