ಹೆಚ್ಚಿನವರ ಆಯ್ಕೆ

“ನೀವೇ ಹೇಳಿ ಶ್ರೀಶ, ಎಕನಾಮಿಕ್ಸ್ ನಿಮ್ಮದು,” ಎಂದರು ಪ್ರಿನ್ಸಿಪಾಲ್ ಸೋಮಲಿಂಗಪ್ಪ. “ಹೆಚ್ಚಿನ ಜನ ವಿಂಡೋಸ್ ಬಳಸ್ತಾರೆ. ಅಷ್ಟೂ ಜನ ದಡ್ಡರಾ?”

ಕಂಪ್ಯೂಟರುಗಳಿಗೆಲ್ಲ ವಿಂಡೋಸ್ ಹಾಕಿಸಬೇಕೇ ಎಂದು ತೀರ್ಮಾನಿಸಲು ವಿಜಯನಗರದ ಆ ಕಾಲೇಜಿನಲ್ಲಿ ಸೇರಿದ್ದ ಸಭೆಯಲ್ಲಿ ಎಲ್ಲರೂ ಶ್ರೀಶನ ಕಡೆ ತಿರುಗಿದರು. ದೀಪ್ತಿಯೂ. ಕಂಪ್ಯೂಟರ್ ಲ್ಯಾಬ್ ಅವಳದು. ಅಲ್ಲಿನ ಯಂತ್ರಗಳಿಗೆಲ್ಲ ವಿಂಡೋಸ್ ಬದಲು, ಪುಕ್ಕಟೆ ಸಿಗುವ, ಯಾರು ಬೇಕಾದರೂ ತಿದ್ದಿಕೊಳ್ಳಬಹುದಾದ ಲಿನಕ್ಸ್ ಹಾಕಿ, ಪಾಠ ಮುಗಿದ ಮೇಲೆ ವಿದ್ಯಾರ್ಥಿನಿಯರ ಜೊತೆ ಕೂತು, ಪರದೆಯ ಒಂದೊಂದು ಪದವನ್ನೂ ಕನ್ನಡಕ್ಕೆ ತಂದಿದ್ದಳು. ‘ಅಳಿಸು’ ಸರಿಯೋ ‘ತೆಗೆದುಹಾಕು’ ಸರಿಯೋ ಎಂದು ಶ್ರೀಶನೂ ಒಂದು ಸಂಜೆ ಅವರೊಂದಿಗೆ ಕೂತು ವಾದಿಸಿದ್ದ. ಅಂಥ ಸಂಜೆ ಅವನಿಗೆ ಆಮೇಲೆ ಸಿಕ್ಕಿರಲಿಲ್ಲ.

ಬೆಳಿಗ್ಗೆ ಕ್ಯಾಂಟೀನಿನಲ್ಲಿ ಅವಳು ಕೇಳಿದ್ದು ಇಷ್ಟೇ: “ಕ್ಲಾಸಲ್ಲಿ ಹೇಳ್ತೀರಲ್ಲ ಸಾರ್, ಅದನ್ನೇ ಹೇಳಿ. ಅಂಗಡಿಯಲ್ಲಿ ಹಾಕಿಕೊಟ್ಟಿದ್ದನ್ನ ಜನ ಹಾಗೇ ಇಟ್ಕೊಂಡ್ರೆ, ಅದು ಆರಿಸಿದ್ದು ಅಲ್ಲ ಅಂತ.”

“ಹೇಳ್ತೀನಿ,” ಎಂದಿದ್ದ.

ಮಕ್ಕಳು ನಾಳೆ ಸೇರುವ ಆಫೀಸುಗಳಲ್ಲಿ ಇರುವುದನ್ನೇ ಕಲಿಯಲಿ ಎಂದು ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಗಿರಿಜಾದೇವಿ ವಾದಿಸಿದ್ದರು. ಆ ಮಾತಿನಲ್ಲಿ ಹುರುಳಿತ್ತು. ಎರಡೂ ಇರಲಿ ಎನ್ನಬಹುದಿತ್ತು. ಆದರೆ ಸುತ್ತಲಿನ ಮುಖಗಳಲ್ಲಿ ಊಟದ ಹೊತ್ತಿನ ಅವಸರ ಕಾಣುತ್ತಿತ್ತು. ಒಪ್ಪಿಬಿಟ್ಟರೆ ಎಲ್ಲರೂ ಏಳುತ್ತಾರೆ.

“ಅಷ್ಟು ಜನ ಆರಿಸಿದ್ದಾರೆ ಅಂದ್ಮೇಲೆ ಅದೇ ವಿವೇಕ ಸಾರ್.”

ಕುರ್ಚಿಗಳು ಹಿಂದೆ ಸರಿದವು. ಯಾರೋ ಅವನ ಬೆನ್ನು ತಟ್ಟಿದರು. ಹಾಯೆನಿಸಿತು. ಆ ಹಾಯೆನಿಸಿದ್ದೇ ಮಧ್ಯಾಹ್ನವಿಡೀ ಅವನನ್ನು ಚುಚ್ಚಿತು.

ಸಂಜೆ ಲ್ಯಾಬಿಗೆ ಹೋದ. ದೀಪ್ತಿ ಒಂದೊಂದೇ ಯಂತ್ರದಿಂದ ಲಿನಕ್ಸ್ ಅಳಿಸುತ್ತಿದ್ದಳು.

“ಆ ಪದಗಳನ್ನ ಎಲ್ಲಾದ್ರೂ ಇಟ್ಕೊಂಡಿದೀರಾ?”

“ಪೆನ್‌ಡ್ರೈವಲ್ಲಿ ಇದೆ ಸಾರ್. ಹಾಕೋಕೆ ಮಿಷನ್ ಇಲ್ಲ ಅಷ್ಟೆ.”

ಅವನು ಬಾಗಿಲಲ್ಲೇ ನಿಂತ. “ನಾನೊಬ್ಬ ಹೇಳಿದ್ರೆ ಏನಾಗ್ತಿತ್ತು ದೀಪ್ತಿ?”

“ಏನೂ ಆಗ್ತಿರ್ಲಿಲ್ಲ. ನಾವು ಇಬ್ಬರಾಗ್ತಿದ್ವಿ.”

ಅವಳು ಮತ್ತೆ ಪರದೆಯ ಕಡೆ ತಿರುಗಿದಳು. ಕ್ಷಮೆ ಕೇಳಲು ಬಂದವನು, “ಬರ್ತೀನಿ,” ಎಂದಷ್ಟೇ ಹೇಳಿ ಹೊರಟ.

ಕೆಂಗೇರಿಯ ಮನೆಗೆ ಹೋಗಲು ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತಿದ. ಒಂದು ಗೇಟಿನ ಮುಂದೆ ಉದ್ದ ಸಾಲು. ಪಕ್ಕದ ಗೇಟಿನಲ್ಲಿ ಹಸಿರು ಬಾಣ ಉರಿಯುತ್ತಿತ್ತು, ಮುಂದೆ ಯಾರೂ ಇರಲಿಲ್ಲ. ಕೆಟ್ಟಿರಬೇಕು ಎಂದುಕೊಂಡು ಸಾಲಿನ ಕೊನೆಯಲ್ಲಿ ನಿಂತ.

ವಯಸ್ಸಾದ ಹೆಂಗಸೊಬ್ಬಳು ಬಂದು ಆ ಗೇಟಿಗೆ ಕಾರ್ಡು ಮುಟ್ಟಿಸಿದಳು. ಗೇಟು ತೆರೆಯಿತು. ಅವಳು ಒಳಗೆ ಹೋದಳು, ಬಾಣ ಮತ್ತೆ ಹಸಿರಾಯಿತು.

ಶ್ರೀಶ ಅದನ್ನು ನೋಡುತ್ತ ನಿಂತ. ಅವನ ಹಿಂದೆ ಆಗಲೇ ಜನ ಬಂದು ಸೇರಿಕೊಂಡಿದ್ದರು.